ಮತಂಗದ ಏಣು

ನಮ್ಮ ಕಡೆಯ ಮನೆಗಳಿಗೆ ಚಳಿಗಾಲ ಬಂದಿತೆಂದರೆ ನೆಂಟರೂ ಬಂದರೆಂದೇ ಅರ್ಥ. ಹೊಸಪೇಟೆಯಲ್ಲಿ ಮನೆ ಮಾಡಿಕೊಂಡಿರುವವನಿಗೆ ಹಂಪೆಯನ್ನು ತೋರಿಸುವ ಭಾರವು ಪಿತ್ರಾರ್ಜಿತದೊಡನೆ ಬಂದ ಋಣದಂತೆ ತಾನಾಗಿಯೇ ತಲೆಯ ಮೇಲೆ ಕುಳಿತಿರುವುದು. ವರ್ಷಕ್ಕೆ ನಾಲ್ಕು ಸಲವಾದರೂ ನಾನು ವಿರೂಪಾಕ್ಷನ ಗುಡಿಯಿಂದ ವಿಜಯವಿಠ್ಠಲನ ಗುಡಿಯವರೆಗೆ ನೆಂಟರ ಮುಂದೆ ಮುಂದೆ ನಡೆದು, ಕೃಷ್ಣದೇವರಾಯನ ಕಾಲವನ್ನು ಕಣ್ಣಾರೆ ಕಂಡವನಂತೆ ವರ್ಣಿಸುವುದುಂಟು. ಹೀಗೆ ವರ್ಣಿಸುತ್ತ ವರ್ಣಿಸುತ್ತ ಇಲ್ಲಿನ ಬೆಟ್ಟಗುಡ್ಡಗಳೆಲ್ಲವೂ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ ಎಂಬ ಭ್ರಮೆಯು ನನ್ನಲ್ಲಿ ಬೇರೂರಿದ್ದಿತು. ಆ ಭ್ರಮೆಯು ಹೇಗೆ ಕಳೆಯಿತೆಂಬುದನ್ನು ಈ ತಿಂಗಳು ಬರೆಯಬೇಕೆಂದಿದ್ದೇನೆ. ಬರೆಯಲು ನನಗೆ ಕೊಂಚ ನಾಚಿಕೆಯುಂಟು. ಆದರೆ ಮಕ್ಕಳ ಕೈ ಹಿಡಿದು ಬೆಟ್ಟ ಹತ್ತುವ ಸಂಸಾರವಂದಿಗರು ನಮ್ಮ ವಾಚಕರಲ್ಲಿ ಅನೇಕರಿರುವುದರಿಂದ, ನನ್ನ ನಾಚಿಕೆಗಿಂತ ಅವರ ಕ್ಷೇಮವು ದೊಡ್ಡದೆಂದು ಎಣಿಸಿದ್ದೇನೆ.

ಹಂಪೆಯ ಪೇಟೆಬೀದಿಯ ಮೂಡಣ ತುದಿಯಲ್ಲಿ, ಎದುರು ಬಸವಣ್ಣನ ಮಂಟಪದ ಆಚೆಗೆ ಎದ್ದು ನಿಂತಿರುವುದೇ ಮತಂಗಪರ್ವತ. ಹಂಪೆಯ ಗುಡ್ಡಗಳಲ್ಲೆಲ್ಲ ಅದೇ ಎತ್ತರವಾದುದು. ಅದರ ನೆತ್ತಿಯ ಮೇಲೆ ವೀರಭದ್ರನ ಗುಡಿಯಿದೆ. ಮೇಲಕ್ಕೆ ಹೋಗಲು ಹಿಂದಿನವರು ಹಾಸಿದ ಕಲ್ಲುಮೆಟ್ಟಿಲುಗಳಿವೆ. ಮೆಟ್ಟಿಲು ಕಡಿದಾದುದಾದರೂ ನಂಬಿಕೆಗೆ ಯೋಗ್ಯವಾದುದು; ವಯಸ್ಸಾದವರೂ ನಡುನಡುವೆ ಕುಳಿತು ದಣಿವಾರಿಸಿಕೊಂಡು ಹತ್ತಬಲ್ಲರು. ಆದರೆ ಬೆಟ್ಟಕ್ಕೆ ಇದೊಂದೇ ಜಾಡಲ್ಲ. ಮೇಕೆ ಮೇಯಿಸುವವರೂ, ಸೌದೆ ಆಯುವವರೂ, ಈಚೆಗೆ ದೂರದೇಶಗಳಿಂದಲೂ ಬರುವ ಬಂಡೆ ಹತ್ತುವ ಹವ್ಯಾಸದ ಯುವಕರೂ ತುಳಿದು ತುಳಿದು ಸವೆಸಿದ ಜಾಡುಗಳು ಬೆಟ್ಟದ ಏಣಿನುದ್ದಕ್ಕೂ ಕಾಣಬರುತ್ತವೆ. ಅವುಗಳಿಗೆ ಹೆಸರಿಲ್ಲ, ಫಲಕವಿಲ್ಲ, ಹೊಣೆ ಹೊತ್ತವರೂ ಇಲ್ಲ. ಅಂಥದೊಂದರ ಮೇಲೆ ನಾನು ಕಾಲಿಟ್ಟೆನು.

ಕಳೆದ ಪುಷ್ಯಮಾಸದಲ್ಲಿ, ಸಂಕ್ರಾಂತಿಯ ರಜೆಗೆಂದು ನನ್ನ ಭಾವಮೈದುನನು ಬೆಂಗಳೂರಿನಿಂದ ಮಗಳೊಡನೆ ಬಂದಿದ್ದನು. ಹುಡುಗಿಗೆ ಹನ್ನೊಂದು ವರ್ಷ. ಮಾತು ಕಡಿಮೆ, ಕಣ್ಣು ಚುರುಕು. ಆ ದಿನ ಅವನು ಬಂಧುಗಳನ್ನು ಕಾಣಲು ಕಂಪ್ಲಿಗೆ ಹೋಗಬೇಕಾಗಿದ್ದುದರಿಂದ ಹುಡುಗಿಯು ನನ್ನ ಪಾಲಿಗೆ ಬಂದಳು. ವಿರೂಪಾಕ್ಷನ ದರ್ಶನ ಮಾಡಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರುತ್ತೇವೆಂದು ಮನೆಯಾಕೆಗೆ ಹೇಳಿ ಹೊರಟೆವು. ದರ್ಶನವಾದ ಮೇಲೆ ಮತಂಗವು ಕಣ್ಣಿಗೆ ಬಿದ್ದಿತು. ಇನ್ನೂ ನಾಲ್ಕು ಗಂಟೆ. ಹತ್ತಿ ಇಳಿದು ಬರಲು ಯಥೇಚ್ಛ ಕಾಲವಿದೆಯೆಂದುಕೊಂಡೆನು. ಮನೆಗೆ ಮಾತ್ರ ತಿಳಿಸಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ಮೇಲೆ ಸೇರಿದಾಗ ಗಾಳಿಯು ಹಿತವಾಗಿ ಬೀಸುತ್ತಿದ್ದಿತು. ಪಡುವಣಕ್ಕೆ ವಿರೂಪಾಕ್ಷನ ಗೋಪುರ. ಬಡಗಣಕ್ಕೆ ಬಂಡೆಗಳ ನಡುವೆ ನುಸುಳುವ ತುಂಗಭದ್ರೆ. ಹೊಳೆಯಾಚೆ ಆನೆಗೊಂದಿಯ ಸೀಮೆಯ ಅಂಜನಾದ್ರಿ, ಅದರ ಮೈಮೇಲೆ ಸುಣ್ಣ ಬಳಿದ ಮೆಟ್ಟಿಲುಗಳ ಬಿಳಿಯ ಗೆರೆ. ತೆಂಕಣದಲ್ಲಿ ಸಂಡೂರಿನ ಬೆಟ್ಟಸಾಲು ಕಪ್ಪು ನೀಲಿಯ ಗೋಡೆಯಂತೆ ನಿಂತಿದ್ದಿತು. ಹೊಳೆಯ ಹರಿವಿನ ಕಡೆಗೆ ಕೈ ತೋರಿಸಿ, ಕಂಪ್ಲಿಯು ಆ ದಿಕ್ಕಿನಲ್ಲಿದೆ, ನಿನ್ನ ತಂದೆಯು ಈಗ ಅಲ್ಲಿರುವನು ಎಂದೆನು. ಕೆಳಗೆ ಕಾಲಬುಡದಲ್ಲಿಯೇ ಎಂಬಂತೆ ಅಚ್ಯುತದೇವರಾಯನ ಕಾಲದಲ್ಲಿ, 1534ರಲ್ಲಿ ಕಟ್ಟಿದ ತಿರುವೆಂಗಳನಾಥನ ಗುಡಿಯು ಆಟಿಕೆಯಂತೆ ತೋರುತ್ತಿದ್ದಿತು. ಮತಂಗಮುನಿಯ ಕಥೆಯನ್ನೂ ಹೇಳಿದೆನು. ವಾಲಿಯು ದುಂದುಭಿಯೆಂಬ ದೈತ್ಯನನ್ನು ಕೊಂದು ಎಸೆದ ದೇಹದ ನೆತ್ತರು ಆಶ್ರಮದಲ್ಲಿ ಬೀಳಲು ಮುನಿಯು ಮುನಿದು, ವಾಲಿಯು ಇಲ್ಲಿಗೆ ಕಾಲಿಟ್ಟರೆ ಸಾಯಲಿ ಎಂದು ಶಪಿಸಿದನೆಂದೂ, ಆದುದರಿಂದಲೇ ಸುಗ್ರೀವನು ಈ ಸೀಮೆಯಲ್ಲಿ ನಿರ್ಭಯನಾಗಿದ್ದನೆಂದೂ ವಿವರಿಸಿದೆನು. ಹುಡುಗಿಯು ಎಲ್ಲವನ್ನೂ ಗಮನವಿಟ್ಟು ಕೇಳಿದಳು.

ಇಳಿಯುವಾಗ ನನಗೆ ಒಂದು ಯೋಚನೆ ಹೊಳೆಯಿತು. ಮೆಟ್ಟಿಲಿಳಿದು ಸುತ್ತಿ ಬರುವುದಕ್ಕಿಂತ ಏಣಿನ ಮೇಲೆ ನೇರವಾಗಿ ಇಳಿದರೆ ಆ ಗುಡಿಯನ್ನೂ ನೋಡಿಕೊಂಡು ಹೋಗಬಹುದಲ್ಲವೆ? ಮೊಬೈಲು ತೆಗೆದು ನೋಡಿದೆನು. ಅದರ ನಕ್ಷೆಯಲ್ಲಿಯೂ ಚುಕ್ಕೆಚುಕ್ಕೆಯ ಗೆರೆಯೊಂದು ಕೆಳಗಿಳಿದಿದ್ದಿತು. ನಕ್ಷೆಯಲ್ಲಿ ಇರುವುದೆಲ್ಲವೂ ದಾರಿಯೆಂದು ನಂಬುವವರಲ್ಲಿ ನಾನೂ ಒಬ್ಬನು. ಮೊದಲ ನೂರು ಹೆಜ್ಜೆ ಸೊಗಸಾಗಿದ್ದಿತು. ಬಂಡೆಯ ಮೇಲೆ ಸವೆದ ಬಿಳಿಯ ಗುರುತು, ಅಲ್ಲಲ್ಲಿ ಮೇಕೆಯ ಹಿಕ್ಕೆ. ಎದುರು ಗುಡ್ಡದಿಂದ ಯಾರೋ ಕೂಗಿದುದು ಕೇಳಿಸಿತು, ಮೇಕೆಗಳನ್ನು ಕರೆಯುತ್ತಿರುವನೆಂದುಕೊಂಡೆನು. ಮುಂದೆ ಎರಡು ಬಂಡೆಗಳ ನಡುವೆ ಆಳೆತ್ತರದ ಇಳಿತವೊಂದು ಬಂದಿತು. ಕುಳಿತು ಜಾರಿದರೆ ಕೆಳಗಿನ ಹಾಸುಗಲ್ಲಿಗೆ ಸೇರಬಹುದಾಗಿದ್ದಿತು. ಆಗ ಹುಡುಗಿಯು ನಿಂತು ಕೇಳಿದಳು:

“ಮಾವ, ಇಲ್ಲಿ ಜಾರಿ ಇಳಿದರೆ ಮತ್ತೆ ಹತ್ತಲು ಬರುತ್ತದೆಯೆ?”

ನಾನು ನಕ್ಕೆನು. “ಹತ್ತುವುದೇತಕ್ಕೆ? ನಾವು ಹೋಗುತ್ತಿರುವುದು ಕೆಳಕ್ಕಲ್ಲವೆ?” ಎಂದೆನು. ಮೊದಲು ನಾನು ಜಾರಿದೆನು; ಆಮೇಲೆ ಅವಳನ್ನು ಎತ್ತಿ ಇಳಿಸಿಕೊಂಡೆನು.

ಹಾಸುಗಲ್ಲಿನ ಮೇಲೆ ಹತ್ತು ಮಾರು ನಡೆದೆವು. ಇಳಿಜಾರು ಮೊದಲು ಅಂಗಳದಷ್ಟು, ಆಮೇಲೆ ಮನೆಯ ಮಾಡಿನಷ್ಟು, ಆಮೇಲೆ ಇನ್ನೂ ಹೆಚ್ಚು. ನುರುಜು ಮರಳು ಕಾಲ ಕೆಳಗೆ ಉರುಳತೊಡಗಿತು. ಕೆಳಗಿನ ಗುಡಿಯು ಕಾಣುತ್ತಿದ್ದಿತು. ಗುಡಿಗೂ ನನ್ನ ಪಾದಕ್ಕೂ ನಡುವೆ ಏನಿದೆಯೆಂಬುದು ಮಾತ್ರ ಕಾಣುತ್ತಿರಲಿಲ್ಲ. ಅಲ್ಲಿಗೆ ನಿಂತೆನು. ಹಿಂದಿರುಗಿ ಇಳಿತದ ಬುಡಕ್ಕೆ ಬಂದೆವು. ಹಿಡಿಯಲು ಬಿರುಕಿಲ್ಲ, ಕಾಲಿಡಲು ಮುಡುಕಿಲ್ಲ. ಇಳಿಯುವಾಗ ಬೆನ್ನಿಗೆ ನುಣುಪಾಗಿ ತೋರಿದ ಕಲ್ಲು ಹತ್ತುವಾಗ ಗೋಡೆಯಾಗಿದ್ದಿತು. ಮೂರು ಸಲ ಪ್ರಯತ್ನಿಸಿ ಮೂರು ಸಲವೂ ಜಾರಿದೆನು. ಸೂರ್ಯನು ಗೋಪುರದ ಪಕ್ಕಕ್ಕೆ ಬಂದಿದ್ದನು.

ಆ ಹೊತ್ತಿನಲ್ಲಿ ಜೇಬಿನಲ್ಲಿ ಮೊಬೈಲು ಇದ್ದಿತು. ಎದೆಯಲ್ಲಿ ನಾಚಿಕೆಯೂ ಇದ್ದಿತು. ಹಂಪೆಯನ್ನೆಲ್ಲ ಬಲ್ಲ ಮಹಾಶಯನು ಬೆಟ್ಟದ ನಡುವೆ ಸಿಕ್ಕಿಬಿದ್ದಿದ್ದೇನೆಂದು ಯಾರಿಗೆ ಹೇಳುವುದು? ಎರಡು ಸಲ ಹೊರಗೆ ತೆಗೆದು ಎರಡು ಸಲವೂ ಒಳಗಿಟ್ಟೆನು. ಹುಡುಗಿಯು ನನ್ನ ಮುಖವನ್ನು ನೋಡಿ ಮೆಲ್ಲನೆ, “ಮಾವ, ವಾಲಿಯ ಶಾಪ ನಮಗೂ ತಗುಲಿತೆ?” ಎಂದಳು. ಅದು ತಮಾಷೆಯೋ ಭಯವೋ ನನಗೆ ತಿಳಿಯಲಿಲ್ಲ. ಅವಳ ಕೈ ಮಾತ್ರ ತಣ್ಣಗಾಗಿದ್ದಿತು. ಆ ತಣ್ಣನೆಯ ಕೈಯನ್ನು ಹಿಡಿದಾಗ, ನಾನು ಇನ್ನೊಬ್ಬರ ಮಗಳನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೇನೆಂಬುದು ಮೊದಲ ಬಾರಿಗೆ ಪೂರ್ತಿಯಾಗಿ ಮನಸ್ಸಿಗೆ ಹೊಕ್ಕಿತು. ಗಂಟಲು ಬಿಚ್ಚಿ ಕೂಗಿದೆನು.

ಸ್ವಲ್ಪ ಹೊತ್ತಿಗೆ ಮೇಲಿನ ಬಂಡೆಯಂಚಿನಲ್ಲಿ ಮುಂಡಾಸೊಂದು ಕಾಣಿಸಿಕೊಂಡಿತು. ಎದುರು ಗುಡ್ಡದಲ್ಲಿ ಮೇಕೆ ಮೇಯಿಸುತ್ತಿದ್ದ ಮನುಷ್ಯನು. ನಾವು ಮೆಟ್ಟಿಲು ಬಿಟ್ಟು ಅಡ್ಡ ತಿರುಗಿದುದನ್ನು ಕಂಡೇ ಕೂಗಿದನಂತೆ. ನಾವು ನಿಲ್ಲದಿರಲು ಮೇಕೆಗಳನ್ನು ಹುಡುಗನಿಗೆ ಒಪ್ಪಿಸಿ ಸುತ್ತಿ ಬಂದಿದ್ದನು. ಅವನು ಹೊಟ್ಟೆಯಡಿಯಾಗಿ ಮಲಗಿ, ಕಂಬಳಿಯನ್ನು ಹುರಿಮಾಡಿ ಕೆಳಕ್ಕೆ ಬಿಟ್ಟನು. ಹುಡುಗಿಯನ್ನು ನಾನು ಹೆಗಲ ಮೇಲೆ ನಿಲ್ಲಿಸಿಕೊಂಡೆನು. ಅವನು ಮೇಲಕ್ಕೆ ಸೆಳೆದುಕೊಂಡನು. ನನ್ನ ಸರದಿ ಬಂದಾಗ, ಕಲ್ಲಿಗೆ ಮುಖ ಮಾಡಿ, ಎರಡು ಕೈ ಒಂದು ಕಾಲು ನೆಲೆಯಾದ ಮೇಲೆಯೇ ಇನ್ನೊಂದು ಕಾಲನ್ನು ಎತ್ತಬೇಕೆಂದು ಮಗುವಿಗೆ ಹೇಳುವಂತೆ ಹೇಳಿಕೊಟ್ಟನು. ಮೇಲೆ ಸೇರಿ ಕುಳಿತ ಮೇಲೆ ದುಡ್ಡು ಕೊಡಹೋದೆನು; ಅವನು ಮುಟ್ಟಲಿಲ್ಲ. “ಮೇಕೆಗೆ ನಾಲ್ಕು ಕಾಲು ಸ್ವಾಮಿ. ಅದು ಹೋದ ಕಡೆಯೆಲ್ಲ ದಾರಿಯಲ್ಲ” ಎಂದಷ್ಟೇ ಹೇಳಿ, ಕಂಬಳಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿನ ತಲೆಯವರೆಗೆ ನಮ್ಮೊಡನೆ ಬಂದು, ಹೊರಟುಹೋದನು.

ಮನೆಗೆ ಬಂದಾಗ ಎಂಟು ಗಂಟೆ ಹೊಡೆದಿದ್ದಿತು. ಭಾವಮೈದುನನು ಕಂಪ್ಲಿಯಿಂದ ಮರಳಿ ಬೀದಿಯ ಬಾಗಿಲಲ್ಲಿ ನಿಂತಿದ್ದನು. ಎಲ್ಲಿ ತಡವಾಯಿತೆಂದು ಎಲ್ಲರೂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯು, “ಬೆಟ್ಟದ ಮೇಲಿಂದ ಊರೆಲ್ಲ ಕಾಣುತ್ತಿತ್ತು, ನೋಡುತ್ತ ಕುಳಿತೆವು” ಎಂದಳು. ಅವಳ ಮೊಣಕೈ ತರಚಿದ್ದಿತು. ಅದನ್ನು ಲಂಗದ ಮರೆಗೆ ಸರಿಸಿಕೊಂಡಳು. ನನ್ನ ಮಾನವನ್ನು ಉಳಿಸಲು ಹನ್ನೊಂದು ವರ್ಷದ ಮಗುವು ಸುಳ್ಳು ಹೇಳುವಂತಾಯಿತು. ಎಲೆಯ ಮುಂದೆ ಕುಳಿತವನಿಗೆ ತುತ್ತು ಇಳಿಯಲಿಲ್ಲ. ಊಟವನ್ನು ನಿಲ್ಲಿಸಿ ನಡೆದುದನ್ನೆಲ್ಲ ಹೇಳಿಬಿಟ್ಟೆನು. ಭಾವಮೈದುನನು ಬಹಳ ಹೊತ್ತು ಮಾತನಾಡಲಿಲ್ಲ. ಮನೆಯಾಕೆಯು ಒಂದೇ ಮಾತನ್ನು ಕೇಳಿದಳು: “ಅವಳು ಕೇಳಿದಾಗ ನಿಲ್ಲಬಾರದಾಗಿದ್ದಿತೆ?” ಅದಕ್ಕೆ ಉತ್ತರವಿರಲಿಲ್ಲ.

ವಾರದ ಮೇಲೆ ನಾನೊಬ್ಬನೇ ಹೋಗಿ ಗುಡಿಯ ಕಡೆಯಿಂದ ತಲೆಯೆತ್ತಿ ಆ ಏಣನ್ನು ನೋಡಿದೆನು. ನಾವು ನಿಂತ ಹಾಸುಗಲ್ಲು ನಾಲ್ಕಾಳೆತ್ತರದ ಬರಿಯ ಗೋಡೆಯಾಗಿ ಕಡಿದುಬಿದ್ದಿದ್ದಿತು. ಕೆಳಗಿನಿಂದ ನೋಡಿದ ಕುರುಡನಲ್ಲದ ಯಾವನಿಗಾದರೂ ಅದು ಸ್ಪಷ್ಟ. ಮೇಲಿನಿಂದ ನನಗೆ ತಿಳಿಯಲಿಲ್ಲ. ಇದಕ್ಕೆ ಕಾರಣವು ನಮ್ಮ ಕಲ್ಲಿನ ಗುಣದಲ್ಲಿದೆ. ಹಂಪೆಯ ಬಂಡೆಗಳನ್ನು ವಾಲಿಸುಗ್ರೀವರು ಕಾದಾಡುತ್ತ ಎಸೆದರೆಂದು ನಮ್ಮಲ್ಲಿ ಹೇಳುವುದುಂಟು. ಭೂವಿಜ್ಞಾನಿಗಳ ಮಾತಿನಂತೆ ಇವು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿದ ಕಲ್ಲು ತಣ್ಣಗಾಗಿ ಗಟ್ಟಿಗೊಂಡ ಕಣಶಿಲೆ. ಆ ಶಿಲೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳೆದ್ದು, ನೀರು ಇಳಿದು, ಮೂಲೆಗಳೆಲ್ಲ ಮಣ್ಣಾಗಿ, ಮಣ್ಣು ಕೊಚ್ಚಿಹೋದ ಮೇಲೆ ಉಳಿದ ತಿರುಳುಗಳೇ ಈ ಗುಂಡುಗಳು. ದೊಡ್ಡ ಹಾಸುಬಂಡೆಗಳಾದರೋ ಈರುಳ್ಳಿಯ ಸಿಪ್ಪೆಯಂತೆ ಪದರುಪದರಾಗಿ ಏಳುತ್ತವೆ. ಆದುದರಿಂದ ಅವುಗಳ ಮೈಯು ಕವುಚಿಟ್ಟ ಬೋಗುಣಿಯಂತೆ ಉಬ್ಬಿರುವುದು. ಬೋಗುಣಿಯ ನೆತ್ತಿಯಿಂದ ಇಳಿಯುವ ಇರುವೆಗೆ ಪ್ರತಿಯೊಂದು ಹೆಜ್ಜೆಯೂ ಹಿಂದಿನದಕ್ಕಿಂತ ಕೊಂಚವೇ ಹೆಚ್ಚು ಕಡಿದು. ಅಂಚು ಎಲ್ಲಿದೆಯೆಂಬುದು ಅಂಚಿಗೆ ಬರುವವರೆಗೆ ತಿಳಿಯದು. ಮೇಲ್ಪದರು ಉದುರಿಸಿದ ನುರುಜು ಮರಳು ರಾಗಿ ಚೆಲ್ಲಿದ ಗಾರೆಯ ನೆಲದಂತೆ ಜಾರಿಸುವುದು. ಹತ್ತುವಾಗ ಕಣ್ಣು ಹಿಡಿತವನ್ನು ಮೊದಲು ಕಾಣುತ್ತದೆ, ಕೈ ಆಮೇಲೆ ಹಿಡಿಯುತ್ತದೆ. ಇಳಿಯುವಾಗ ಕಾಲು ಮುಂದೆ, ಕಣ್ಣು ಹಿಂದೆ. ಇಳಿತವು ಸುಲಭವೆಂಬುದು ಮೆಟ್ಟಿಲಿರುವಲ್ಲಿ ಮಾತ್ರ ಸತ್ಯ.

ಮತಂಗದ ಕಲ್ಲು ಒಂದು ಬಗೆಯಾದರೆ ಸಂಡೂರಿನ ಏಣುಗಳು ಇನ್ನೊಂದು ಬಗೆ. ಅಲ್ಲಿಯದು ಕಬ್ಬಿಣದ ಅದಿರಿನ ಬೆಟ್ಟ. ಸಾಲು ಉದ್ದ, ನೆತ್ತಿ ಚಪ್ಪಟೆ, ಮಗ್ಗುಲು ಕಡಿದು. ನಾರಿಹಳ್ಳವು ಆ ಸಾಲನ್ನು ಸೀಳಿರುವ ಓಬಳಗಂಡಿ ಭೀಮಗಂಡಿಗಳನ್ನು ನೋಡಿದವರಿಗೆ ಅದು ಎಷ್ಟು ಕಡಿದೆಂಬುದು ಗೊತ್ತು. ಕುಮಾರಸ್ವಾಮಿಯ ಗುಡಿಗೆ ಈಗ ವಾಹನವು ಹೋಗುವ ರಸ್ತೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ದಂಡಿನ ಆಂಗ್ಲ ಸೈನಿಕರು ಬೇಸಗೆಯ ಬೇಗೆಗೆ ತಂಪನ್ನರಸಿ ಹೋಗುತ್ತಿದ್ದ ರಾಮಗಡಕ್ಕೂ ದಾರಿಯುಂಟು. ಆದರೆ ಮಳೆಗಾಲದಲ್ಲಿ ಆ ಹಸುರನ್ನು ಕಂಡು ಮರುಳಾಗಿ ಏಣಿನ ಜಾಡು ಹಿಡಿಯುವ ತರುಣರು ಎರಡು ಸಂಗತಿಗಳನ್ನು ನೆನಪಿಡಬೇಕು. ಆಳೆತ್ತರದ ಹುಲ್ಲು ಕುಳಿಯನ್ನೂ ಕೊರಕಲನ್ನೂ ಮುಚ್ಚಿರುವುದು. ಅದಿರಿನ ಜಲ್ಲಿಯು ಭಾರ ಬಿದ್ದೊಡನೆ ಉರುಳುವುದು. ಗಣಿ ಅಗೆದ ಮಗ್ಗುಲುಗಳಂತೂ ಇನ್ನೂ ಅಪಾಯ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಮುಂದೆ ಕಟ್ಟುಪಾಡುಗಳೊಡನೆ ಅನುಮತಿ ಕೊಟ್ಟಿತು. ಆದರೆ ಮೊದಲೇ ಕಡಿದ ಗೋಡೆಯು ನ್ಯಾಯಾಲಯದ ಮಾತನ್ನು ಕೇಳಿ ಗಟ್ಟಿಯಾಗುವುದಿಲ್ಲ. ಅರಣ್ಯದ ಎಲ್ಲೆಯೊಳಗೆ ಹೋಗಲು ಇಲಾಖೆಯವರ ಅಪ್ಪಣೆಯೂ ಬೇಕು; ಅದನ್ನು ಕೇಳಲು ಹೋದಾಗ ಅಲ್ಲಿನ ಕಾವಲುಗಾರನಿಂದ ದೊರೆಯುವ ಎಚ್ಚರಿಕೆಯೇ ಅಪ್ಪಣೆಗಿಂತ ಬೆಲೆಯುಳ್ಳದ್ದು.

ಇನ್ನೊಂದು ಸಂಗತಿಯನ್ನು ಪಟ್ಟಣದಿಂದ ಬರುವವರು ಮರೆಯುತ್ತಾರೆ. ಕಮಲಾಪುರದ ಬಳಿಯಿರುವ ದರೋಜಿಯ ಕರಡಿಧಾಮವು 1994ರಲ್ಲಿ ಆದುದು ಈ ಸೀಮೆಯಲ್ಲಿ ಕರಡಿಗಳು ಧಾರಾಳವಾಗಿರುವುದರಿಂದಲೇ. ಹಗಲು ಬಂಡೆಯ ಗವಿಗಳಲ್ಲಿ ಮಲಗುವ ಕರಡಿಯು ಹೊರಬೀಳುವುದು ಸಂಜೆಗೆ. ಚಿರತೆಯೂ ನಮ್ಮ ಗುಡ್ಡಗಳಿಗೆ ಹೊಸಬನಲ್ಲ. ನಮ್ಮ ಸೀಮೆಯಲ್ಲಿ ಸೂರ್ಯನು ಮುಳುಗಿದ ಅರ್ಧ ಗಂಟೆಯೊಳಗೆ ಕತ್ತಲು ಕವಿಯುವುದು. ಆದುದರಿಂದ ಹೊತ್ತು ಇಳಿಯುವ ಮೊದಲೇ ಮನುಷ್ಯನು ಬೆಟ್ಟವಿಳಿದಿರುವುದು ಉಭಯ ಪಕ್ಷಕ್ಕೂ ಕ್ಷೇಮ.

ಹಾಗಾದರೆ ಮಕ್ಕಳನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗಲೇಬಾರದೆ ಎಂದು ವಾಚಕರು ಕೇಳಬಹುದು. ಹೋಗಲೇಬೇಕು. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಸ್ವಂತ ಕಾಲಿನಿಂದ ಹತ್ತಿದ ಮಗುವು ಮನೆಗೆ ಬಂದು ಮಾಡುವ ಊಟವೇ ಬೇರೆ, ನಿದ್ದೆಯೇ ಬೇರೆ. ಆದರೆ ಹೊರಡುವ ಮೊದಲು ಎಲ್ಲಿಗೆ ಹೋಗುವೆವು, ಯಾವ ಕಡೆಯಿಂದ ಇಳಿಯುವೆವು, ಎಷ್ಟು ಹೊತ್ತಿಗೆ ಬರುವೆವು ಎಂಬ ಮೂರನ್ನೂ ಮನೆಯಲ್ಲಿ ಹೇಳಿ ಹೋಗಬೇಕು; ಮನಸ್ಸು ಬದಲಾದರೆ ಅದನ್ನೂ ತಿಳಿಸಬೇಕು. ತಿರುಗುವ ಹೊತ್ತನ್ನು ಬುಡದಲ್ಲಿಯೇ ಗೊತ್ತುಮಾಡಿಕೊಂಡು, ನೆತ್ತಿಯು ಎಷ್ಟೇ ಹತ್ತಿರವಿದ್ದರೂ ಆ ಹೊತ್ತಿಗೆ ತಿರುಗಬೇಕು. ನೀರು, ಗಟ್ಟಿ ಅಟ್ಟೆಯ ಪಾದರಕ್ಷೆ, ಒಂದು ದೀಪ, ಒಂದು ಸೀಟಿ ಇಷ್ಟಾದರೂ ಜೊತೆಗಿರಲಿ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದುವುದು ಲೋಕದ ಪರ್ವತಾರೋಹಿಗಳೆಲ್ಲ ಬಲ್ಲ ಆಪತ್ತಿನ ಸಂಕೇತ. ಮಳೆ ಬಿದ್ದ ಮೇಲೆ ಪಾಚಿಗಟ್ಟಿದ ಬಂಡೆಯ ತಂಟೆಗೆ ಹೋಗಬಾರದು. ಸಿಕ್ಕಿಬಿದ್ದಾಗ ಇನ್ನೂ ಕೆಳಕ್ಕೆ ಇಳಿಯಲು ಹವಣಿಸದೆ, ನೆಲೆಯಾದ ಜಾಗದಲ್ಲಿ ಕುಳಿತು, 112ಕ್ಕೆ ಕರೆಮಾಡಬೇಕು. ಆಗ ನಾಚಿಕೆಯನ್ನು ಕೇಳಬಾರದು. ನಾನು ಅದರ ಮಾತನ್ನು ಕೇಳಿ ಅರ್ಧ ಗಂಟೆಯ ಬೆಳಕನ್ನು ಕಳೆದುಕೊಂಡೆನು.

ಉತ್ತರದ ಹಿಮವತ್ಪರ್ವತದ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. 1924ರ ಜೂನ್ 8ರಂದು ಮ್ಯಾಲರಿ, ಅರ್ವಿನ್ ಎಂಬಿಬ್ಬರು ಎವರೆಸ್ಟಿನ ಈಶಾನ್ಯದ ಏಣಿನ ಮೇಲೆ ಏರುತ್ತಿರುವುದು ಕೆಳಗಿದ್ದ ಗೆಳೆಯನೊಬ್ಬನ ಕಣ್ಣಿಗೆ ಬಿದ್ದಿತು. ಮತ್ತೆ ಮೋಡ ಮುಸುಕಿತು. ಮ್ಯಾಲರಿಯ ದೇಹವು ಸಿಕ್ಕಿದುದು 1999ರಲ್ಲಿ. ಅವರು ನೆತ್ತಿಯನ್ನು ಮುಟ್ಟಿದ್ದರೆ ಇಲ್ಲವೆ ಎಂದು ಲೋಕವು ಇಂದಿಗೂ ವಾದಿಸುತ್ತಿದೆ. ಮನೆಯಲ್ಲಿ ಕಾದಿದ್ದ ಹೆಂಡತಿಗೂ ಮೂವರು ಮಕ್ಕಳಿಗೂ ಆ ವಾದದಿಂದ ಏನೂ ಆಗುವಂತಿರಲಿಲ್ಲ. ಇನ್ನೊಬ್ಬನು ಶ್ಯಾಕಲ್‌ಟನ್. 1909ರ ಜನವರಿ 9ರಂದು ದಕ್ಷಿಣ ಧ್ರುವಕ್ಕೆ ಸುಮಾರು 180 ಕಿಲೋಮೀಟರು ಮಾತ್ರ ಉಳಿದಿರುವಾಗ, ಮುಂದೆ ಹೋದರೆ ಮರಳಲು ಆಹಾರ ಸಾಲದೆಂದು ಕಂಡು, ಅಲ್ಲಿಯವರೆಗೆ ಯಾರೂ ಮುಟ್ಟದಿದ್ದ ಗುರಿಗೆ ಬೆನ್ನು ತಿರುಗಿಸಿದನು. ಅವನೂ ಅವನ ಮೂವರು ಸಂಗಡಿಗರೂ ಜೀವಸಹಿತ ಮರಳಿದರು. ಧೈರ್ಯವು ಮುಂದಿನ ಹೆಜ್ಜೆಯಲ್ಲಿ ಮಾತ್ರವಿರುವುದೆಂದು ತಿಳಿದವರು ಈ ಎರಡನ್ನೂ ಒಟ್ಟಿಗೆ ಯೋಚಿಸಿ ನೋಡಬೇಕು.

ಇಷ್ಟೆಲ್ಲವನ್ನೂ ನಾನು ಆಮೇಲೆ ಓದಿ, ಕೇಳಿ, ತಿಳಿದುಕೊಂಡೆನು. ಆದರೆ ಇದರ ಸಾರವೆಲ್ಲವೂ ಆ ಸಂಜೆ ಹುಡುಗಿಯು ಕೇಳಿದ ಒಂದು ಪ್ರಶ್ನೆಯಲ್ಲಿದ್ದಿತು. ಮರಳಿ ಹತ್ತಲು ಬರುತ್ತದೆಯೆ? ಬರುವುದಾದರೆ ಅದು ದಾರಿ. ಬಾರದಿದ್ದರೆ, ಎಷ್ಟು ಕಾಲುಗಳು ಸವೆಸಿದ್ದರೂ, ಅದು ಬರಿಯ ಜಾಡು. ಪ್ರಶ್ನೆಯು ಮಕ್ಕಳ ಬಾಯಿಂದ ಬಂದಿತೆಂದು ನಗುವ ಹಿರಿಯರು ಬೆಟ್ಟದ ಮೇಲೆ ಮಾತ್ರವಲ್ಲ, ಮನೆಯಲ್ಲಿಯೂ ಅನೇಕ ಸಲ ಇಂಥ ಹಾಸುಗಲ್ಲಿನ ಮೇಲೆ ನಿಂತಿರುತ್ತಾರೆ.

ಮೊನ್ನೆ ಅವಳು ಫೋನು ಮಾಡಿದ್ದಳು. ಮುಂದಿನ ರಜೆಗೂ ಬರುವಳಂತೆ. ಮತಂಗವನ್ನು ಮತ್ತೆ ಹತ್ತಬೇಕಂತೆ. ಆಗಲಿ ಎಂದೆನು. ಮೆಟ್ಟಿಲಿನಿಂದ ಹತ್ತಿ ಮೆಟ್ಟಿಲಿನಿಂದಲೇ ಇಳಿಯುವೆವು, ಮನೆಯಲ್ಲಿ ಹೇಳಿ ಹೋಗುವೆವು, ಮುಂದೆ ನಡೆಯುವವಳು ನೀನು ಎಂದೂ ಹೇಳಿದೆನು. ಅತ್ತ ಕಡೆಯಿಂದ ನಗು ಕೇಳಿಸಿತು.